ಇನ್ನೂರ ಹನ್ನೆರಡನೆಯ ಕಾಗದ

ಮಾರ್ಚ್ 3, ಸೋಮವಾರ

ದಾಖಲೆ ಕಚೇರಿಯಲ್ಲಿ ಹಳೆಯ ಡಾಕ್ಟರರ ಕಾಗದಗಳ ಕಟ್ಟು ಸರಿಪಡಿಸಿ ಮುಗಿಯುತ್ತ ಬಂತು. ಹೆಂಡತಿಗೆ ಬರೆದವು, ರೋಗಿಗಳಿಗೆ ಬರೆದವು — ಎಲ್ಲ ಒಂದರಲ್ಲೇ. ಹರಿದಲ್ಲಿ ತೆಳು ಟಿಶ್ಯೂ ಕಾಗದ ಅಂಟಿಸಿ, ಒಣಗಲೆಂದು ಭಾರ ಹೇರುವ ಪ್ರೆಸ್ಸಿನಲ್ಲಿ ಇಟ್ಟೆ.

ಸುತ್ತ ಯಾರೂ ಇರಲಿಲ್ಲ. ಬ್ಯಾಗಿನಿಂದ ನನ್ನವರ ಕೊನೆಯ ಕಾಗದ ತೆಗೆದು ಅದಕ್ಕೂ ಅಂಟಿಸಿದೆ. ವರ್ಷದಿಂದ ಬಿಚ್ಚಿ, ಮಡಿಸಿ, ಮಡಿಕೆಯಲ್ಲಿ ಎರಡಾಗುತ್ತಿತ್ತು. ಡಾಕ್ಟರರವುಗಳ ನಡುವೆ ಇಟ್ಟಿದ್ದೇನೆ. ಬೆಳಗ್ಗೆ ತೆಗೆದುಕೊಂಡರಾಯಿತು.

ಮೈ ಯಾಕೋ ಬಿಸಿ.

ಮಾರ್ಚ್ 8, ಶನಿವಾರ

ನಾಲ್ಕು ದಿನ ಜ್ವರ. ಇವತ್ತು ಹೋದರೆ ಪ್ರೆಸ್ ಖಾಲಿ. ನಂಬರ್ ಹಾಕುವವರು ಏನನ್ನೂ ಓದುವುದಿಲ್ಲ, ಕೈಗೆ ಬಂದದ್ದಕ್ಕೆ ಠಸ್ಸೆ ಒತ್ತುತ್ತಾರೆ. ನಾನಿಟ್ಟದ್ದು ಮೇಲಿನಿಂದ ಎಂಟನೆಯದು. ರಿಜಿಸ್ಟರಿನಲ್ಲಿ ಪ್ರೆಸ್ಸಿನ ಕಾಗದಗಳು 205ರಿಂದ ಶುರು. ಎಣಿಸಿದೆ — 212.

ಕಾಗದ ತುಂಬಿದ ಪೆಟ್ಟಿಗೆ ಒಮ್ಮೆ ನೋಡಬೇಕಿತ್ತು ಎಂದೆ. ಸಾಹೇಬರು ನಕ್ಕರು. "ಮದ್ದು ಹಚ್ಚಿ ಆಯ್ತಲ್ಲಮ್ಮ, ಇನ್ನು ರೋಗಿ ಗೊಡವೆ ನಿಮಗ್ಯಾಕೆ?" ಸೀಲ್ ಆಗಿದೆಯಂತೆ. ಸೋಮವಾರ ಸ್ಕ್ಯಾನಿಂಗ್‌ಗೆ.

ಸ್ಕ್ಯಾನ್ ಮಾಡುವವಳು ನನ್ನ ಮಗಳು. ಕೈಕಾಲು ಹಿಡಿದು ಆ ಕೆಲಸ ಕೊಡಿಸಿದವಳು ನಾನೇ.

ಅಪ್ಪ ನದಿ ಮೆಟ್ಟಿಲಲ್ಲಿ ಕಾಲು ಜಾರಿ ಮುಳುಗಿದರು ಅಂತ ಅವಳಿಗೆ ಹೇಳಿದ್ದೇನೆ. ಜಾರಲಿಲ್ಲ ಅನ್ನುವುದು ಗೊತ್ತಿರುವುದು ನನಗೆ, ಆ ಕಾಗದಕ್ಕೆ.

ಮಾರ್ಚ್ 10

ಊಟಕ್ಕೆ ಕೂತಾಗ ಮಗಳ ಬಾಯಿ ತುಂಬ ಡಾಕ್ಟರರೇ. ಯಾರೋ ಕೆಮ್ಮಿಗೆ ಔಷಧ ಕೇಳಿದರೆ ಎರಡು ಪುಟ ಬೈದಿದ್ದಾರಂತೆ, ಹೆಂಡತಿಗೆ ಮಾತ್ರ ಬೆಣ್ಣೆಯಂಥ ಮಾತಂತೆ. "ನಮ್ಮಪ್ಪನ ಥರಾನೇ ಕಣಮ್ಮ, ಹೊರಗೆ ಹುಲಿ." ನಕ್ಕೆ. ಎಷ್ಟು ಮುಗಿಯಿತು ಎಂದು ಕೇಳಿದೆ.

74 ಕಾಗದ ಸ್ಕ್ಯಾನ್ ಆಗಿದೆ. ಒಂದೊಂದನ್ನೂ ಓದುತ್ತಾಳೆ.

ಮಾರ್ಚ್ 11

150. ಮಧ್ಯಾಹ್ನ ಸ್ಕ್ಯಾನಿಂಗ್ ರೂಮಿಗೆ ಹೋದೆ, ಟಿಫಿನ್ ಡಬ್ಬಿ ನೆಪ. ಕಟ್ಟು ಅವಳ ಮೊಣಕೈ ಹತ್ತಿರವೇ ಇತ್ತು. ಅಂಚಿನಲ್ಲಿ ನನ್ನವರ ಕಂದು ಕಾಗದ ಕಂಡಿತು. ಕೈ ಚಾಚಿದೆ. "ಮುಟ್ಟಬೇಡಮ್ಮ, ಕೈಯೆಲ್ಲ ಎಣ್ಣೆ!" ಡಬ್ಬಿ ಎತ್ತಿಕೊಂಡು ಬಂದೆ. ಊಟ ಕೊಡಲೇ ಇಲ್ಲ.

ಮಾರ್ಚ್ 12

198. ಕರೆಂಟ್ ಹೋಯಿತಂತೆ. ಒಂದು ದಿನ ಸಿಕ್ಕಿತು. ಈಗಲೇ ಹೇಳಿಬಿಡಲೇ? ಎರಡು ಸಲ ಬಾಯಿ ತೆರೆದೆ. ಉಪ್ಪು ಬೇಕಾ ಅಂತ ಕೇಳಿದೆ.

ಮಾರ್ಚ್ 13, ಸಂಜೆ 6

ಇವತ್ತು ಒಟ್ಟಿಗೆ ಬರಲಿಲ್ಲ. ಮೊದಲೇ ಹೊರಟಿದ್ದಳು. ಬಂದು ನೋಡಿದರೆ ಅಡುಗೆಮನೆ ಕಟ್ಟೆಗೆ ಒರಗಿ ನಿಂತಿದ್ದಾಳೆ, ಚಪ್ಪಲಿ ಕೂಡ ಬಿಟ್ಟಿಲ್ಲ.

"ಇನ್ನೂರ ಹನ್ನೆರಡಕ್ಕೆ ಟಿಶ್ಯೂ ಹಾಕಿದ್ದು ನೀನೇನಮ್ಮ?"

ಹೂಂ ಅಂದೆ.

"ಚೆನ್ನಾಗಿ ಹಾಕಿದ್ದೀಯ. ಒಂದಕ್ಷರಾನೂ ಹೋಗಿಲ್ಲ."

ಅಷ್ಟೇ. ಅಳಲಿಲ್ಲ. ಅತ್ತಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ. ಮುಖ ತೊಳೆದು ಬರುತ್ತೇನೆಂದು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಆಚೆ ಕುರ್ಚಿ ಎಳೆದ ಸದ್ದು. ಎರಡು ಕುರ್ಚಿ. ಕಾಯುತ್ತಿದ್ದಾಳೆ. ಅಮ್ಮಾ ಅಂತ ಮತ್ತೊಮ್ಮೆ ಕರೆದಳು. ಹೋಗಬೇಕು. ಮೊದಲು ಹೇಳಬೇಕಾದದ್ದು, ನದಿಗೆ ಹೋದ ದಿನ ಅವರು ಬೆಳಗ್ಗೆ ಎದ್ದು ಅವಳ ಕೋಣೆ ಬಾಗಿಲಲ್ಲಿ ತುಂಬ ಹೊತ್ತು ನಿಂತು —