ರಿಪೋರ್ಟ್ ನಾರ್ಮಲ್ ಐತಿ

ನವೆಂಬರ್ ೧೧, ಬೆಳಗ್ಗೆ ೫:೧೦
ಥೈರಾಯ್ಡ್ ಗುಳಿಗೆ ನುಂಗಿದೆ. ಬರೀ ನೀರು. ಇನ್ನೊಂದು ತಾಸು ಚಹಾ ಇಲ್ಲ. ಹೀಗೇ ಒಂದೂವರೆ ವರ್ಷ, ಒಂದು ದಿನ ತಪ್ಪಿಸಿಲ್ಲ. ಆದರೂ ಮೈ ಏಳುವುದಿಲ್ಲ. ಬೆರಳು ಬಾತಿವೆ, ಸ್ಟೇರಿಂಗ್ ಹಿಡಿದರೆ ಜೋಮು. ಒಂಬತ್ತು ತಾಸು ಮಲಗಿದರೂ ನಿದ್ದೆ ಸಾಲದು.
ದ್ರಾಕ್ಷಾಯಣಿ ಈ ನೋಟ್‌ಬುಕ್ ಕೊಟ್ಟಳು. "ಡಾಕ್ಟರ್ ಮುಂದ ನಿಂತ್ರ ನಿಮಗ ಬಾಯೇ ಬರಂಗಿಲ್ಲ. ಬರದು ಒಯ್ರಿ." ಹೆಂಡತಿ ಹೇಳಿದ ಮೇಲೆ ಮುಗೀತು. ಬರೀತಿದ್ದೇನೆ.

ನವೆಂಬರ್ ೧೩
ಶಾಲೆಯ ಬಸ್ಸುಗಳನ್ನು ನೋಡಿಕೊಳ್ಳುವ ಅಂಬರೀಶ ಎಲ್ಲರ ಮುಂದೆ ನಕ್ಕ. "ಲೇ ಅಂದಾನಪ್ಪಾ, ಥೈರಾಯ್ಡ್ ಹೆಂಗಸರ ಬ್ಯಾನಿ. ನಾಳೆ ಸೀರಿ ಉಟ್ಕೊಂಡು ಬಾ." ಇವನ ಹಲ್ಲು ಉದುರಲಿ.
ಅದು ಸಾಲದ್ದಕ್ಕೆ ಗುಲ್ನಾಜ ಟೀಚರ್. ಹರ್ತಿಯಲ್ಲಿ ಹತ್ತಿ ನನ್ನ ಹಿಂದಿನ ಸೀಟಿನಲ್ಲಿ ಕೂತವರು ಗದಗ ಮುಟ್ಟುವ ತನಕ ಬಾಯಿ ಮುಚ್ಚಲಿಲ್ಲ. ಮೊದಲು ಹೀಗಿರಲಿಲ್ಲ, ಎಂಟು ದಿನದಿಂದ ಏನಾಗಿದೆಯೋ. ಬದನೆಕಾಯಿ ಪಲ್ಯಕ್ಕೆ ಗುರೆಳ್ಳು ಹಾಕ್ತೀರೋ ಇಲ್ಲೋ ಅಂತ ನನ್ನನ್ನೇಕೆ ಕೇಳಬೇಕು? ತಲೆ ತಿಂದರು.

ನವೆಂಬರ್ ೧೮
ದವಾಖಾನೆಯಲ್ಲಿ ಎರಡು ತಾಸು ಕಾದೆ, ಎರಡು ನಿಮಿಷ ಸಿಕ್ಕಿತು. ಡಾಕ್ಟರ್ ರಕ್ತದ ರಿಪೋರ್ಟ್ ನೋಡಿದರು. "ಟಿಎಸ್‌ಎಚ್ ನಾರ್ಮಲ್ ಐತಿ. ಇದ ಡೋಸ್ ಇರ್ಲಿ." ಗಾಡಿ ಹೊಡೆಯುವಾಗ ಮಂಪರು ಬರ್ತದೆ ಅಂದೆ. "ತೂಕ ಇಳಸ್ರಿ." ಈ ನೋಟ್‌ಬುಕ್ ಮುಂದೆ ಸರಿಸಿದೆ. ಡಾಕ್ಟರ್ ತೆರೆಯಲಿಲ್ಲ. ಅದರ ಮೇಲೆ ಚೀಟಿ ಇಟ್ಟುಕೊಂಡು ಅದೇ ಗುಳಿಗೆ ಬರೆದರು!

ನವೆಂಬರ್ ೧೯
ಒಂದು ತಿಂಗಳು ಗಾಡಿ ಬಿಡಿಸಿ ಗೇಟ್ ಕಾಯಾಕ ಹಾಕ್ರಿ ಅಂತ ಅಂಬರೀಶನನ್ನು ಕೇಳಿದೆ. ನಾನು ತೋರಿಸಿದ ರಿಪೋರ್ಟ್ ಆಡಿಸುತ್ತ ಅಂದ: "ನಾರ್ಮಲ್ ಅಂತ ಬರದೈತಲ್ಲೋ. ನಾಟಕ ಬ್ಯಾಡ. ಆಗಂಗಿಲ್ಲಂದ್ರ ಬಿಡು, ಗಾಡಿ ಹೊಡಿಯಾಕ ಹನಮಂತ ತಯಾರದಾನ."
ಬಸ್ ಹತ್ತಿದೆ. ಹಿಂದೆ ಮೂವತ್ತೆಂಟು ಮಕ್ಕಳು.

ನವೆಂಬರ್ ೨೮
ಟೀಚರ್ ಇವತ್ತು ಒಗಟು ಶುರು ಮಾಡಿದರು. ಉತ್ತರ ಹೇಳದಿದ್ದರೆ ಬಿಡುವುದಿಲ್ಲ. ಕಣಗಿನಹಾಳ ದಾಟುವಷ್ಟರಲ್ಲಿ ಇಳಿದು ನಡೆದೇ ಹೋಗೋಣ ಅನಿಸಿತು.

ಡಿಸೆಂಬರ್ ೩, ಬೆಳಗ್ಗೆ ೮:೩೦
೬:೪೦ಕ್ಕೆ ಖಾಲಿ ಬಸ್ ಶಾಲೆಯಿಂದ ತೆಗೆಯುವ ಹೊತ್ತು. ಗುಲ್ನಾಜ ಟೀಚರ್ ಫೋನ್.
"ಅಣ್ಣಾರ, ಮಗಗ ಜ್ವರ ಬಂದೈತಿ. ಇವತ್ತು ನಾ ಬರಂಗಿಲ್ಲ. ಹಾಡಾದ್ರೂ ಹಚ್ಕೊಳ್ರಿ... ಇಲ್ಲಾಂದ್ರ ನಿಮಗ ನಿದ್ದಿ ಹತ್ತತೈತಿ."
ಏನಂದ್ರಿ ಅಂದೆ.
"ಗಾಡಿ ಕನ್ನಡ್ಯಾಗ ನಿಮ್ಮ ಮಾರಿ ನೋಡೀನ್ರಿ, ಕಣ್ಣು ಮುಚ್ಚತಿದ್ರಿ. ಅದಕ್ಕ ಮಾತಾಡಸ್ತಿದ್ದೆ. ಹೇಳಿದ್ರ ನಿಮ್ಮ ನೌಕರಿ ಹೋಗತೈತಿ ಅಂತ ಹೇಳಲಿಲ್ಲ."
ಮಂಪರು ಗೊತ್ತಿತ್ತು. ಕಣ್ಣು ಮುಚ್ಚಿದ್ದು ಗೊತ್ತೇ ಇರಲಿಲ್ಲ. ಇಷ್ಟು ದಿನ ಆ ಬಸ್ಸನ್ನು ನಡೆಸಿದ್ದು ಆಕೆಯ ಬಾಯಿ. ನಾಚಿಕೆಯಾಯಿತು. ಹೆದರಿಕೆ ಅದಕ್ಕಿಂತ ಹೆಚ್ಚು. ಹೇಳದೆ ಇದ್ದರಲ್ಲ ಅಂತ ಸಿಟ್ಟೂ ಬಂತು.
ಇಂಜಿನ್ ಆರಿಸಿದೆ. ಕೀಲಿಯನ್ನು ಅಂಬರೀಶನ ಟೇಬಲ್ ಮೇಲೆ ಇಟ್ಟೆ.
"ರಿಪೋರ್ಟ್ ನಾರ್ಮಲ್ ಐತಲ್ಲೋ!"
"ರಿಪೋರ್ಟ್ ಗಾಡಿ ಹೊಡಿಯಂಗಿಲ್ರಿ ಸರ."
ಹನಮಂತ ಬಸ್ ತೆಗೆದುಕೊಂಡು ಹೋದ. ಹದಿನಾಲ್ಕು ವರ್ಷ ನಾನು ಹೊಡೆದ ಗಾಡಿ.

ಡಿಸೆಂಬರ್ ೪
"ಛಲೋ ಮಾಡಿದ್ರಿ," ಅಂದಳು ದ್ರಾಕ್ಷಾಯಣಿ. ಆಮೇಲೆ ಡಬ್ಬಿಯಲ್ಲಿದ್ದ ರೊಕ್ಕ ಎರಡು ಸಲ ಎಣಿಸಿದಳು.

ಡಿಸೆಂಬರ್ ೯, ಬೆಳಗ್ಗೆ ೧೧:೨೦
ಅದೇ ದವಾಖಾನೆ, ಅದೇ ಬೆಂಚು. ನನ್ನ ನಂಬರ್ ಹದಿನೇಳು. ರಿಪೋರ್ಟ್ ಎಲ್ಲಿ ಅಂತ ಸಿಸ್ಟರ್ ಕೇಳಿದಳು. ಮನೆಯಲ್ಲಿದೆ. ಬೇಕಂತಲೇ ಬಿಟ್ಟು ಬಂದೆ. ಕೈಯಲ್ಲಿ ಈ ನೋಟ್‌ಬುಕ್ ಒಂದೇ.
ಪಕ್ಕದಲ್ಲಿ ಗುಲ್ನಾಜ ಟೀಚರ್. ಕಂಡದ್ದನ್ನು ತಾನೇ ಹೇಳ್ತೀನಿ ಅಂತ ರಜೆ ಹಾಕಿ ಬಂದಿದ್ದಾರೆ. ಬಂದಾಗಿನಿಂದ ತುಟಿ ಬಿಚ್ಚಿಲ್ಲ. ಎಲ್ಲ ಮಾತು ಒಳಗೆ ಡಾಕ್ಟರ್ ಸಲುವಾಗಿ ಉಳಿಸಿಕೊಂಡಂತಿದೆ.
ಹದಿನಾರು ಹೊರಗೆ ಬಂತು. ಇವತ್ತು ಡಾಕ್ಟರಿಂದ ಇದನ್ನು ಓದಿಸದೆ ಕುರ್ಚಿ ಬಿಟ್ಟು ಏಳುವವನಲ್ಲ. ಮೊದಲನೇ ಪುಟದಿಂದ. ಕರೆದರು, ಹದಿನೇಳು—