ಹೊಸ ಮಷೀನಿನ ಮೊದಲ ದಿನ

ಶಿಡ್ಲಘಟ್ಟ
೧೭ ಫೆಬ್ರವರಿ ೧೯೯೪, ಗುರುವಾರ

ರೇಷ್ಮೆ ನೂಲು ತೆಗೆಯುವ ಹೊಸ ಮಷೀನ್ ಇವತ್ತು ಶುರು ಮಾಡಿದೆವು. ಸಂತೋಷ ಆಗಬೇಕಿತ್ತು.

ಅದು ಬರುತ್ತದೆಂದೇ ರಾಮಲಕ್ಷ್ಮಮ್ಮನಿಗೆ ಹೋದ ವಾರ ಕೆಲಸಕ್ಕೆ ಬರಬೇಡ ಅಂದಿದ್ದೆ. ಹತ್ತೊಂಬತ್ತು ವರ್ಷ ನಮ್ಮ ಕೈಚರಕದ ಮುಂದೆ ಕೂತು ನೂಲು ತೆಗೆದವಳು.

ಮುಕ್ಕಾಲು ಗಂಟೆ ಮಷೀನ್ ಚೆನ್ನಾಗಿ ಓಡಿತು. ನೂಲು ಎಷ್ಟು ನಯ! ನನ್ನ ಹೆಂಡತಿ ಅಜೀಜಾ ಬೀದಿಯ ಮಕ್ಕಳಿಗೆಲ್ಲ ಸಕ್ಕರೆ ಹಂಚಿದಳು. ಅಷ್ಟರಲ್ಲಿ ಕರೆಂಟ್ ಹೋಯಿತು. ಮಧ್ಯಾಹ್ನವಾದರೂ ಬರಲಿಲ್ಲ. ಬೇಯಿಸಿದ ರೇಷ್ಮೆಗೂಡು ಹಾಗೇ ಬಿಟ್ಟರೆ ಹಾಳಾಗುತ್ತದೆ.

ರಾಮಲಕ್ಷ್ಮಮ್ಮನ ಮನೆಗೆ ನಾನೇ ಹೋದೆ. ಪಾತ್ರೆ ತೊಳೆಯುತ್ತಿದ್ದಳು.

"ಗೂಡು ಬೇಯಿಸಿಬಿಟ್ಟಿದ್ದೀರಾ, ಇಸ್ಮಾಯಿಲಣ್ಣ?" ಅಂದಳು, ಅಷ್ಟೇ. ಕೈ ಒರೆಸಿಕೊಂಡು ನನ್ನ ಹಿಂದೆಯೇ ಬಂದಳು.

ಚರಕ ತಿರುಗಿಸಲು ಯಾರೂ ಇರಲಿಲ್ಲ. ನಾನೇ ತಿರುಗಿಸಿದೆ. ಅವಳು ಬಿಸಿನೀರಿಗೆ ಕೈ ಹಾಕಿ ಎಳೆ ಹುಡುಕಿದಳು. ಬೆಂದು ಬೆಂದು ಬೆಳ್ಳಗೆ ಸುಕ್ಕಾದ ಆ ಬೆರಳುಗಳನ್ನು ಇಷ್ಟು ವರ್ಷದಲ್ಲಿ ಇವತ್ತೇ ಹತ್ತಿರದಿಂದ ನೋಡಿದ್ದು. ಅಯ್ಯೋ ಅನ್ನಿಸಬೇಕಿತ್ತು. ಏನೂ ಅನ್ನಿಸಲಿಲ್ಲ.

ನಾಲ್ಕು ಗಂಟೆಗೆ ಕರೆಂಟ್ ಬಂತು. ಸ್ವಿಚ್ ಆರಿಸಲು ಮರೆತಿದ್ದೆ. ಪಕ್ಕದಲ್ಲಿ ಮಷೀನ್ ತಾನಾಗಿಯೇ ಖಾಲಿ ತಿರುಗತೊಡಗಿತು.

"ಕರೆಂಟ್ ಬಂತಲ್ಲಣ್ಣ. ಇನ್ನು ನಾನು ಏಳ್ಲಾ?"

ನನ್ನ ಕೈ ಚರಕ ತಿರುಗಿಸುತ್ತಲೇ ಇತ್ತು. ಅವಳೂ ಏಳಲಿಲ್ಲ. ಕೊನೆಯ ಗೂಡು ಮುಗಿಯುವವರೆಗೆ ಇಬ್ಬರೂ ಕೆಲಸ ಮಾಡಿದೆವು.

ಹೊರಡುವಾಗ ಬಾಗಿಲಲ್ಲಿ ನಿಂತು, "ನಾಳೆ ಬರ್ಲಾ, ಬೇಡ್ವಾ?" ಅಂದಳು.

"ಕರೆಂಟ್ ಇರುತ್ತೋ ಇಲ್ವೋ ನೋಡಿ ಹೇಳಿ ಕಳಿಸ್ತೀನಮ್ಮ" ಅಂದೆ.

"ಆಗ್ಲಿ" ಅಂದು ಸೆರಗು ಸರಿಮಾಡಿಕೊಂಡು ಹೋದಳು.

ಹತ್ತೊಂಬತ್ತು ವರ್ಷ ದುಡಿದವಳಿಗೆ ಅಂಥ ಮಾತು ನನ್ನ ಬಾಯಲ್ಲಿ ಬಂತು. ಆದರೂ ರಾತ್ರಿ ಊಟ ದಿನದ ಹಾಗೇ ಸೇರಿತು.