ಗಾಡಿಯೊಳಗಿನ ಹಳದಿ ಬಟ್ಟೆ

ದಾನೇಶ್ವರಿ,

ನಿನಗೆ ಮುಟ್ಟಲಿ ಎಂದು ಇದನ್ನು ಬರೆಯುತ್ತಿಲ್ಲ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ಬರೆಯುತ್ತಿದ್ದೇನೆ.

ಇವತ್ತು ಶಹಾಬಾದಿನ ಮದುವೆಮನೆಗೆ ಇನ್ನೂರು ರೊಟ್ಟಿ ಒಯ್ಯುವಾಗ, ರೊಟ್ಟಿ ವ್ಯಾಪಾರಕ್ಕೆಂದು ನಾವಿಬ್ಬರೂ ಸೇರಿ ಕೊಂಡ ಸ್ಕೂಟಿ ವಾಡಿಯ ಹತ್ತಿರ ನಿಂತುಬಿಟ್ಟಿತು. ಕೈಯಲ್ಲಿದ್ದುದು ಮುನ್ನೂರು ರೂಪಾಯಿ. ಅರ್ಧ ತಾಸು ತಳ್ಳಿಕೊಂಡು ಗ್ಯಾರೇಜಿಗೆ ತಂದೆ. ಮಿಸ್ತ್ರಿ ಬಿಚ್ಚಿ ನೋಡಿದರೆ ಏರ್ ಫಿಲ್ಟರ್ ತುಂಬ ಕಲ್ಲಿನ ಧೂಳು.

"ಅಕ್ಕಾರ, ಇಲ್ಲಿ ತೆಳ್ಳನ ಬಟ್ಟಿ ಕಟ್ಟಿದ್ದ ಗುರ್ತ ಅದ. ಧೂಳ ಒಳಗ ಹೋಗಬಾರದಂತ ಯಾರೋ ಶಾಣ್ಯಾರು ಕಟ್ಟ್ಯಾರ. ಯಾಕ ತೆಗದ್ರಿ?"

"ಗೊತ್ತಿಲ್ರಿ" ಎಂದೆ.

ಅದು ನಿನ್ನ ಹಳೆಯ ಹಳದಿ ಸೀರೆಯ ತುಂಡು. ನೀನು ಜಗಳವಾಡಿ ಸುಲೇಪೇಟಕ್ಕೆ ಹೋದ ವಾರ, ಗಾಡಿ ತೊಳೆಯುವಾಗ ಕಣ್ಣಿಗೆ ಬಿತ್ತು. ಮಾಟ ಮಾಡಿಸಿ ಹೋಗಿದ್ದಾಳೆ ಎಂದು ಓಣಿಗೆಲ್ಲ ತೋರಿಸಿದೆ. ಮೂರು ದಾರಿ ಕೂಡುವಲ್ಲಿ ಎಸೆದು, ತಿರುಗಿ ನೋಡದೆ ಬಂದು ತಲೆಗೆ ನೀರು ಹಾಕಿಕೊಂಡೆ. ಕಟ್ಟಿದ ದಿನವೇ ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಹೊಸ ಫಿಲ್ಟರಿಗೆ ದುಡ್ಡು ಸಾಲಲಿಲ್ಲ. ಮಿಸ್ತ್ರಿ ಹಳೆಯದನ್ನೇ ಬಡಿದು, ಗಾಳಿ ಹೊಡೆದು ಕೂಡಿಸಿದ. ರೊಟ್ಟಿ ಸುತ್ತಿದ್ದ ಬಟ್ಟೆಯ ಅಂಚು ಹರಿದು, ನೀನು ಕಟ್ಟಿದ್ದ ಜಾಗದಲ್ಲೇ ಕಟ್ಟಿಸಿಕೊಂಡೆ. ಪಂಕ್ತಿ ಕೂರುವಷ್ಟರಲ್ಲಿ ರೊಟ್ಟಿ ಮುಟ್ಟಿಸಿದೆ.

ಸಂಜೆ ಪಕ್ಕದ ಮನೆಯ ರತ್ನಾಬಾಯಿ ನಮ್ಮ ಕಟ್ಟೆಯ ಮೇಲೆ ಕೂತು, "ಆ ಮಾಟಗಾತಿ ಹೋಗಿದ್ದು ಭಾಳ ಛಲೋ ಆಯ್ತು ನೋಡು" ಎಂದಳು.

ನಾನು ನಾಳೆಯ ಹಿಟ್ಟು ಸಾಣಿಸುತ್ತಲೇ ಇದ್ದೆ.